ಎಣಿಕೆಗೆ ಬಾರದ ಓಟ

ಆಗಸ್ಟ್ 1, 2005. ಸೋಮವಾರ

ಅಂಗಡಿಯ ಕಸ ಗುಡಿಸಿ, ಊದುಬತ್ತಿ ಹಚ್ಚಿ, ಬಯೋಡೇಟಾ ಟೈಪ್ ಮಾಡಿಸಲು ಬಂದ ಇಬ್ಬರನ್ನು ಕಳಿಸಿ ಈಗ ಕೂತೆ. ನಮ್ಮ ಯಜಮಾನರು ಲೋಕೇಶ್, ಚನ್ನಪ್ಪನವರ ಕೊಬ್ಬರಿ ಮಂಡಿಗೆ ಹೋಗಿದ್ದಾರೆ — ಬೈಸಿಕೊಳ್ಳಲು.

ನಿಜವಾಗಿ ಬೈಗುಳ ನನಗೆ ಸೇರಬೇಕಾದ್ದು. ಪ್ರೋಗ್ರಾಂ ಬರೆದವಳು ನಾನು. ಡಬ್ಬದೊಳಗೆ ಟ್ಯೂಬ್‌ಲೈಟು, ಕ್ಯಾಮೆರಾ, ಕೆಳಗೆ ಕಪ್ಪು ಬಟ್ಟೆ, ಬಟ್ಟೆಯ ಮೇಲೆ ಕೊಬ್ಬರಿ. ಫೋಟೋ ನೋಡಿ ಇದು ಮೊದಲ ದರ್ಜೆ, ಇದು ಬಿರುಕು, ಇದು ಕೆಟ್ಟು ವಾಸನೆ ಹಿಡಿದ ಕೌಟು ಎಂದು ಹೇಳಬೇಕು. ಹೇಳುತ್ತದೆ, ಸರಿಯಾಗಿಯೇ ಹೇಳುತ್ತದೆ. ಆದರೆ ಆಮೆ! ಹೋದ ಶುಕ್ರವಾರ ಹರಾಜಿನ ಗಂಟೆ ಹೊಡೆದಾಗ ರೈತರು ತಂದಿಟ್ಟ ಚೀಲಗಳಲ್ಲಿ ಅರ್ಧಕ್ಕರ್ಧ ಲಾಟು ಬಾಕಿ ಇತ್ತು.

ಗಂಟೆಯೊಳಗೆ ದರ್ಜೆಯ ಚೀಟಿ ಸಿಗದ ಲಾಟೆಲ್ಲ ಕೈನೋಟಕ್ಕೆ ಹೋಗುತ್ತದೆ. ಅಂದರೆ ಮಂಡಿಯ ವ್ಯಾಪಾರಿ ಚೀಲದ ತಳಕ್ಕೆ ಕೈ ಹಾಕಿ, ಇದ್ದುದರಲ್ಲೇ ಕೆಟ್ಟದ್ದನ್ನು ಎತ್ತಿ, ಮೂಗಿಗೆ ಹಿಡಿದು, ಮುಖ ಕಿವುಚಿ, ದರ ಇಳಿಸುವುದು. ನಂಜುಂಡಯ್ಯ ಮಾವ ಜೀವಮಾನವಿಡೀ ಆ ಕಿವುಚಿದ ಮುಖ ನೋಡಿಕೊಂಡೇ ಕೊಬ್ಬರಿ ಮಾರಿದ್ದಾರೆ. ಅಪ್ಪ ಹೋದ ಮೇಲೆ ಅಮ್ಮನನ್ನೂ ನನ್ನನ್ನೂ ಕಣಕಟ್ಟೆಗೆ ಕರೆದುಕೊಂಡು ಹೋಗಿ ಸಾಕಿದವರು ಅವರು, ಅಮ್ಮನ ಅಣ್ಣ. ಶುಕ್ರವಾರ ಸಂಜೆ ಮಂಡಿಯಿಂದ ಬಂದು ಜಗಲಿಯ ಮೇಲೆ ಮಾತಿಲ್ಲದೆ ಕೂರುತ್ತಿದ್ದರು. ಈ ಪ್ರೋಗ್ರಾಂ ಬರೆದದ್ದೇ ಆ ಜಗಲಿಯ ನೆನಪಿಗೆ. ಯಾರಿಗೂ ಹೇಳಿಲ್ಲ, ಲೋಕೇಶ್‌ಗೂ ಪೂರ್ತಿ ಹೇಳಿಲ್ಲ.

ಲೋಕೇಶ್ ಬಂದರು. ಹೊಸ ಕಂಪ್ಯೂಟರ್ ಕೊಡಿಸಿ ಎಂದು ಕೇಳಿದ್ದಕ್ಕೆ ಚನ್ನಪ್ಪನವರು "ಮೊದ್ಲು ಇರೋ ಎತ್ತನ್ನ ಓಡ್ಸಪ್ಪ" ಅಂದರಂತೆ. ಸರಿ, ಓಡಿಸೋಣ.

ಆಗಸ್ಟ್ 3. ಬುಧವಾರ

ಸಿಕ್ಕಿತು!! ಮ್ಯಾಗಜೀನ್ ಜೊತೆ ಬಂದ ಸಿಡಿಯಲ್ಲಿ, ಬರೆದ ಕೋಡನ್ನು ಓಡುವ ಪ್ರೋಗ್ರಾಂ ಆಗಿ ಕಟ್ಟಿಕೊಡುವ ಹೊಸ ಕಂಪೈಲರ್ ಇತ್ತು, ಅದರ ಮ್ಯಾನ್ಯುಯಲ್ಲಿನಲ್ಲಿ ಒಂದು ಜೋಡಿ ಆಪ್ಷನ್. ಮೊದಲು -fprofile-generate ಹಾಕಿ ಕಟ್ಟಬೇಕು. ಹಾಗೆ ಕಟ್ಟಿದ ಪ್ರೋಗ್ರಾಂ ಕೆಲಸ ಮಾಡುತ್ತಲೇ ಎಣಿಸಿಕೊಳ್ಳುತ್ತದೆ — ಕೋಡಿನ ಯಾವ ದಾರಿಯಲ್ಲಿ ಎಷ್ಟು ಸಲ ಓಡಾಡಿತು ಎಂದು. ನಿಜವಾದ ಕೆಲಸ ಕೊಟ್ಟು ಸ್ವಲ್ಪ ಕಾಲ ಓಡಿಸಬೇಕು. ಆಮೇಲೆ ಆ ಎಣಿಕೆ ಇಟ್ಟುಕೊಂಡು -fprofile-use ಹಾಕಿ ಮತ್ತೆ ಕಟ್ಟಿದರೆ, ಓಡಾಟ ಹೆಚ್ಚಿರುವ ದಾರಿಯನ್ನು ಕಂಪೈಲರ್ ನುಣ್ಣಗೆ ಮಾಡಿಕೊಡುತ್ತದೆ. ಓಡಾಟ ಇಲ್ಲದ್ದನ್ನು ಮೂಲೆಗೆ ತಳ್ಳುತ್ತದೆ. ಅಡುಗೆಮನೆಯಲ್ಲಿ ಸಾಸಿವೆ ಡಬ್ಬಿ ಕೈಗೆ ಸಿಗುವಂತೆ ಇಟ್ಟು, ಚಕ್ಕುಲಿ ಒರಳನ್ನು ಅಟ್ಟಕ್ಕೆ ಹಾಕುತ್ತೇವಲ್ಲ, ಹಾಗೆ.

ಬೆಳಗ್ಗೆಯೆಲ್ಲ ಎರರ್. ಕಂಪೈಲ್ ಸಲೀಸು, ತುಂಡುಗಳನ್ನೆಲ್ಲ ಜೋಡಿಸಿ ಲಿಂಕ್ ಮಾಡಲು ಹೋದರೆ ಅದು ಸಿಗಲಿಲ್ಲ ಇದು ಸಿಗಲಿಲ್ಲ ಎಂದು ಪುಟಗಟ್ಟಲೆ ಗೋಳು. ಮಧ್ಯಾಹ್ನ ಹೊಳೆಯಿತು, ಲಿಂಕ್ ಮಾಡುವಾಗಲೂ ಅದೇ ಆಪ್ಷನ್ ಕೊಡಬೇಕು. ಎಣಿಸುವವನು ಒಳಗೆ ಬಂದು ಸೇರಿಕೊಳ್ಳುವುದೇ ಅಲ್ಲಿ. ಹಣೆ ಚಚ್ಚಿಕೊಂಡೆ.

ಲೋಕೇಶ್ ಸ್ಟೇಷನ್ ಹತ್ತಿರದ ಹೋಟೆಲಿನಿಂದ ವಡೆ ತಂದರು. ಅಂಗಡಿಯ ಬೋರ್ಡಿಗೆ ಹೊಸ ಬಣ್ಣ ಹೊಡೆಸಬೇಕಂತೆ. 'ಲೋಕೋ ಕಂಪ್ಯೂಟರ್ಸ್' — ಲೋಕೇಶನ ಲೋ, ಕೋಮಲಳ ಕೋ. ಊರಿನವರು ರೈಲ್ವೆಯವರ ಅಂಗಡಿ ಅಂದುಕೊಂಡಿದ್ದಾರೆ. ಮೊನ್ನೆ ಒಬ್ಬರು ಟಿಕೆಟ್ ರಿಸರ್ವೇಶನ್ನಿಗೆ ಬಂದಿದ್ದರು.

ಆಗಸ್ಟ್ 4. ಗುರುವಾರ

ಎಣಿಸುವ ಪ್ರೋಗ್ರಾಮನ್ನು ಅಂಗಡಿಯಲ್ಲೇ ಓಡಿಸಿ ನೋಡಿದೆ. ಮಾವ ಚಟ್ನಿಗೆಂದು ಕೊಟ್ಟಿದ್ದ ಕೊಬ್ಬರಿಯೆಲ್ಲ ಕ್ಯಾಮೆರಾ ಕೆಳಗೆ. ಇನ್ನೇನು ಮುಗಿಯಬೇಕು, ಕರೆಂಟ್ ಹೋಯಿತು. ಯುಪಿಎಸ್ ಇದೆ, ಅದರ ಬ್ಯಾಟರಿ ಸತ್ತು ಯಾವ ಕಾಲವಾಯಿತೋ.

ಕರೆಂಟ್ ಬಂದ ಮೇಲೆ ನೋಡಿದರೆ ಎಣಿಕೆಯೇ ಇಲ್ಲ. ಮತ್ತೆ ಮ್ಯಾನ್ಯುಯಲ್. ಪ್ರೋಗ್ರಾಂ ತಾನಾಗಿ ಮುಗಿದು ಹೊರಬಂದಾಗ ಮಾತ್ರ ಎಣಿಕೆಯನ್ನು ಡಿಸ್ಕಿನಲ್ಲಿ ಉಳಿಸುತ್ತದೆ. ನಡುವೆ ಆರಿಹೋದರೆ ಆ ಓಟ ನಡೆದೇ ಇಲ್ಲ ಎಂದು ಅರ್ಥ. ಹಿಂದಿನ ಓಟಗಳದ್ದು ಹಾಗೇ ಇರುತ್ತದೆ, ಸರಿಯಾಗಿ ಮುಗಿದ ಪ್ರತಿ ಓಟವೂ ಅದಕ್ಕೆ ಕೂಡಿಕೊಳ್ಳುತ್ತದೆ.

ಲೋಕೇಶ್‌ರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿಕೊಟ್ಟೆ.

"ರೀ, ಸರಿಯಾಗಿ ಕೇಳಿಸ್ಕೊಳ್ಳಿ. ಮುಗೀತು ಅಂತ ಸ್ಕ್ರೀನ್ ಮೇಲೆ ಬರೋವರ್ಗೂ ಕಾಯ್ಬೇಕು. ಸ್ವಿಚ್ಚಿಗೆ ಮಾತ್ರ ಕೈ ಹಾಕ್ಬೇಡಿ."

"ಹಾಕಿದ್ರೆ ಏನಾಗುತ್ತೆ?"

"ಅವ್ರ ಕೊಬ್ರಿ ಬಂದೇ ಇಲ್ಲ ಅಂದ್ಕೊಳ್ಳುತ್ತೆ."

"ಒಳ್ಳೇ ಗುಮಾಸ್ತನ್ನ ಕಟ್ಟಿದೀಯ ಕಣೇ" ಎಂದು ನಕ್ಕರು. ನಾನೂ ನಕ್ಕೆ. ಎರಡೆರಡು ಸಲ ಹೇಳಿಸಿ ಒಪ್ಪಿಸಿಕೊಂಡೆ. ಬೇಗ ಕಲಿಯುತ್ತಾರೆ.

ಆಗಸ್ಟ್ 5. ಶುಕ್ರವಾರ

ಮಂಡಿಗೆ ನಾನೂ ಹೋಗಿದ್ದೆ. ಹಳೇ ಆಮೆಯೇ ಇವತ್ತೂ, ಅರ್ಧ ಲಾಟು ಕೈನೋಟಕ್ಕೆ ಹೋಯಿತು. ಮುಂದಿನ ವಾರವಿಡೀ ಎಣಿಸುವ ಪ್ರೋಗ್ರಾಂ ಇಟ್ಟು, ಬಂದವರೆಲ್ಲರ ಕೊಬ್ಬರಿಯನ್ನೂ ಓಡಿಸುತ್ತೇವೆ ಎಂದು ಚನ್ನಪ್ಪನವರಿಗೆ ಹೇಳಿದೆ. ಅವರು ಮಂಡಿಯ ಧಣಿ, ಮೆತ್ತಗಿನ ಮಾತು, ಬಿಳಿ ಪಂಚೆ. ಸುಮ್ಮನೆ ಕೇಳುವವರಲ್ಲ.

"ಅಂದ್ರೆ ಯಾವ ತರದ ಮಾಲು ಜಾಸ್ತಿ ತೋರಿಸ್ತೀವೋ ಅದಕ್ಕೆ ಚುರುಕಾಗ್ತದಾ ಇದು?"

"ಹೌದು ಸರ್. ಅದಕ್ಕೇ ಎಲ್ಲಾ ತರದ್ದೂ ಬೇಕು. ದೊಡ್ಡ ತೋಟದವರು ಮನೇಲೇ ಆರಿಸ್ಕೊಂಡು ಬರೀ ಗುಂಡುಗುಂಡನೆ ಉಂಡೆ ಕೊಬ್ರಿ ತರ್ತಾರೆ. ಸಣ್ಣೋರು ಬಿರುಕು, ಕಲೆ ಎಲ್ಲಾ ಬೆರೆತಿರೋದು ತರ್ತಾರೆ. ಪ್ರೋಗ್ರಾಮಲ್ಲಿ ಉಂಡೆಗೆ ಒಂದು ದಾರಿ, ಬಿರುಕಿಗೆ ಇನ್ನೊಂದು ದಾರಿ. ಎರಡೂ ಸಮ ಓಡ್ಬೇಕು."

"ಇಲ್ಲಾಂದ್ರೆ?"

"ಓಡದೇ ಇರೋದು ಇನ್ನೂ ನಿಧಾನ ಆಗಿಬಿಡುತ್ತೆ."

"ಬುದ್ಧಿವಂತೆ ಕಣಮ್ಮ" ಅಂದರು. ಹೆಮ್ಮೆಯಾಯಿತು ನನಗೆ, ಸುಳ್ಳೇಕೆ. ಯಾರು ತಾನೆ ಇಷ್ಟು ಆಸಕ್ತಿಯಿಂದ ಕೇಳುತ್ತಾರೆ?

ಮಾವ ಅಲ್ಲೇ ಚೀಲದ ಮೇಲೆ ಕೂತಿದ್ದರು. "ನೀನ್ಯಾಕೆ ಯೋಚ್ನೆ ಮಾಡ್ತೀಯ ಮಗ, ಕಣಕಟ್ಟೇನೇ ಎಬ್ಬುಸ್ಕೊಂಡ್ ಬತ್ತೀನಿ. ನಮ್ ಹುಡ್ಗೀ ಮಿಶನ್ನು ಅಂದ್ರೆ ಯಾರ್ ಬರಕಿಲ್ಲ ಅಂತಾರೆ?" ಎಂದರು.

ಆಗಸ್ಟ್ 8. ಸೋಮವಾರ

ಮಾದಿಹಳ್ಳಿಗೆ ಹೊರಟಿದ್ದೇನೆ. ಅತ್ತೆಗೆ ಕಾಲು ಉಳುಕಿದೆಯಂತೆ. "ಅವ್ವ ಒಬ್ಳೇ ಅವ್ಳೆ, ಒಂದಷ್ಟು ದಿನ ಇದ್ದು ಬಾ. ಮಂಡೀದು ನಾನ್ ನೋಡ್ಕೋತೀನಿ" ಅಂದರು ಲೋಕೇಶ್. ಈ ವಾರವೇ ಉಳುಕಬೇಕಿತ್ತಾ ಅದು? ಎಣಿಕೆಯ ವಾರ ನಾನಿಲ್ಲದಿದ್ದರೆ ಹೇಗೆ?

"ನನ್ ಮೇಲೆ ನಂಬಿಕೆ ಇಲ್ವೇನೇ?" ಎಂದು ಕೇಳಿದರು. ಹಾಗೆ ಕೇಳಿದ ಮೇಲೆ ಇನ್ನೇನು ಹೇಳುವುದು. ರಟ್ಟಿನ ಮೇಲೆ ದಪ್ಪಕ್ಷರದಲ್ಲಿ 'ಸ್ವಿಚ್ ಆಫ್ ಮಾಡಬೇಡಿ' ಎಂದು ಬರೆದು ಮಾನಿಟರಿಗೆ ಅಂಟಿಸಿದೆ. ಬಸ್ಸಿಗೆ ಹೊತ್ತಾಯಿತು.

ಆಗಸ್ಟ್ 12. ಶುಕ್ರವಾರ, ಮಾದಿಹಳ್ಳಿ

ಅತ್ತೆ ಕ್ಯಾನ್ ಹಿಡಿದು ಡೈರಿಗೆ ಹಾಲು ಹಾಕಿ ಬಂದರು, ನಡೆದುಕೊಂಡೇ. ಕಾಲಿಗೆ ಎಣ್ಣೆ ಹಚ್ಚಲೇ ಎಂದರೆ "ಅದು ಯಾವತ್ತೋ ವಾಸಿ ಆಯ್ತು ಕಣವ್ವ, ಇವ್ನು ಯಾಕಿಷ್ಟು ಗಾಬ್ರಿ ಬಿದ್ನೋ" ಎಂದು ನಗುತ್ತಾರೆ. ತಾಯಿ ಎಂದರೆ ಪ್ರಾಣ ಲೋಕೇಶ್‌ಗೆ. ಆ ಒಂದು ಗುಣಕ್ಕೇ ನಾನು ಒಪ್ಪಿದ್ದು ಅಂತ ಇವತ್ತು ಮತ್ತೆ ಅನ್ನಿಸಿತು.

ಸಾಮಾನು ತರುವ ನೆಪ ಮಾಡಿ ಹಳೇಬೀಡಿಗೆ ಹೋದೆ. ದೇವಸ್ಥಾನ ನೋಡಲು ಬಂದ ಸ್ಕೂಲ್ ಮಕ್ಕಳು ಎಸ್‌ಟಿಡಿ ಬೂತಿನ ಮುಂದೆ ಸಾಲು ನಿಂತಿದ್ದರು, ಅಷ್ಟೂ ಜನ ಅಮ್ಮಂದಿರ ಜೊತೆ ಮಾತಾಡಿ ಮುಗಿಯುವ ತನಕ ಕಾದು ಲೋಕೇಶ್‌ಗೆ ಫೋನ್ ಮಾಡಿದೆ.

"ಎಲ್ರುದೂ ಓಡಿಸ್ತಿದ್ದೀರಾ?"

"ಎಲ್ರುದೂ ಕಣೇ. ಇವತ್ತು ಕಣಕಟ್ಟೆಯೋರು ದಂಡು ಕಟ್ಕೊಂಡು ಬಂದಿದ್ರು. ನಿಮ್ಮಾವಂಗೆ ಟೀ ಕುಡ್ಸಿ ಕಳ್ಸಿದೀನಿ."

ಮನಸ್ಸು ಹಗುರಾಯಿತು. ಬರುವಾಗ ಒಂದು ಮೊಳ ಮಲ್ಲಿಗೆ ಕೊಂಡೆ.

ಆಗಸ್ಟ್ 22. ಸೋಮವಾರ

ಬಂದ ಕೂಡಲೇ ಎಣಿಕೆ ಇಟ್ಟುಕೊಂಡು ಹೊಸದಾಗಿ ಕಟ್ಟಿದೆ. ಲಿಂಕ್ ಮಾಡುವಾಗ ಆಪ್ಷನ್ ಮರೆಯಲಿಲ್ಲ ಈ ಸಲ. ಮಂಡಿಗೆ ಒಯ್ದು ಚನ್ನಪ್ಪನವರ ಸ್ಯಾಂಪಲ್ ಇಟ್ಟೆವು. ರೆಪ್ಪೆ ಬಡಿಯುವುದರೊಳಗೆ ದರ್ಜೆ! ಮತ್ತೊಂದು — ಮತ್ತೆ ಅಷ್ಟೇ ಬೇಗ! ಚನ್ನಪ್ಪನವರು ಎದ್ದು ನಿಂತು ನೋಡಿದರು. ಅದೇ ಕಂಪ್ಯೂಟರ್, ಅದೇ ಕ್ಯಾಮೆರಾ, ನನ್ನದೇ ಕೋಡು. ಒಂದಕ್ಷರ ಬದಲಿಸಿಲ್ಲ, ಕಟ್ಟುವ ರೀತಿ ಬದಲಾಯಿತು, ಅಷ್ಟೇ.

ಮನೆಗೆ ಬರುವಾಗ ಲೋಕೇಶ್ ಬಿ.ಎಚ್. ರೋಡಿನ ನಡುವೆಯೇ ನನ್ನ ಕೈ ಹಿಡಿದುಕೊಂಡರು, ಹಗಲಿನಲ್ಲಿ, ಜನ ನೋಡುತ್ತಿದ್ದರೂ. "ಬೇಲೂರಲ್ಲಿ ಕಾಫಿ, ಮೆಣಸು ತಗೊಳೋ ಧಣಿಗಳು ಚನ್ನಪ್ಪನೋರ ಸ್ನೇಹಿತ್ರು ಕಣೇ. ಬಿಕ್ಕೋಡು ಎಸ್ಟೇಟಿಂದೂ ಆರ್ಡರ್ ಬರ್ತದೆ. ಎಲ್ಲಾ ಕಡೆ ನಿನ್ ಪ್ರೋಗ್ರಾಮೇ" ಎಂದರು. ಮನೆ ಬರುವವರೆಗೂ ನಾನೂ ಕೈ ಬಿಡಿಸಿಕೊಳ್ಳಲಿಲ್ಲ.

ಆಗಸ್ಟ್ 26. ಶುಕ್ರವಾರ

ಏನಾಯಿತು ಎಂದು ಅರ್ಥವಾಗುತ್ತಿಲ್ಲ.

ದೊಡ್ಡ ತೋಟದವರ ಲಾಟು ನೀರು ಕುಡಿದ ಹಾಗೆ ಮುಗಿದವು. ಕಣಕಟ್ಟೆಯವರ ಸರದಿ ಬಂತು... ನಿಂತುಬಿಟ್ಟಿತು. ಬಿರುಕಿನ ಮೇಲೆ ಕೂತು ಯೋಚಿಸುತ್ತದೆ, ಯೋಚಿಸುತ್ತದೆ. ಮೊದಲಿಗಿಂತಲೂ ನಿಧಾನ. ಸಾಲು ಬೆಳೆಯಿತು. ಗಂಟೆ ಹೊಡೆಯಿತು. ಕಣಕಟ್ಟೆಯ ಎಲ್ಲರೂ ಕೈನೋಟಕ್ಕೆ. ವ್ಯಾಪಾರಿ ಮಾವನ ಚೀಲದ ತಳಕ್ಕೆ ಕೈ ಹಾಕುವುದನ್ನು ನಾನೇ ನಿಂತು ನೋಡಿದೆ. ಅದೇ ಕಿವುಚಿದ ಮುಖ.

ಮಾವ ನನ್ನ ಕಡೆ ತಿರುಗಿ "ಹೊಸದಲ್ವಾ, ಪಳಗ್ತದೆ ಬುಡು" ಅಂದರು. ಸಮಾಧಾನ ಅವರು ನನಗೆ ಹೇಳಬೇಕೆ!

ಆಗಸ್ಟ್ 29. ಸೋಮವಾರ

ಬಿರುಕು ನೋಡುವ ಭಾಗವನ್ನು ಮೂರು ದಿನದಿಂದ ಅಗೆಯುತ್ತಿದ್ದೇನೆ. ತಪ್ಪು ಕಾಣುತ್ತಿಲ್ಲ. ಮ್ಯಾನ್ಯುಯಲ್ ಸುಳ್ಳೋ, ನಾನು ದಡ್ಡಿಯೋ. ಎರಡನೆಯದೇ ಇರಬೇಕು.

ಲೋಕೇಶ್‌ರನ್ನು ಕೇಳಿದೆ. ಕೇಳಬಾರದಿತ್ತೇನೋ. "ಬೆರಕೆ ಕೊಬ್ರಿ ಸಾಕಷ್ಟು ಓಡಿಸಿದ್ರಿ ತಾನೆ?"

ಊಟದ ತಟ್ಟೆಯಿಂದ ಕೈ ತೆಗೆದರು. "ಅನುಮಾನ ಇದ್ರೆ ನಿಮ್ಮಾವನ್ನೇ ಕೇಳು. ಎದುರಿಗೇ ಓಡ್ಸಿದೀನಿ. ಎಲ್ರೂ ಕಣ್ಣಾರೆ ನೋಡಿದಾರೆ."

ನಾಚಿಕೆಯಾಯಿತು. ನನ್ನ ಕೋಡಿನ ತಪ್ಪನ್ನು ಗಂಡನ ತಲೆಗೆ ಕಟ್ಟಲು ಹೊರಟೆನಲ್ಲ. ರಾತ್ರಿ ಅವರಿಗಿಷ್ಟ ಎಂದು ಅಕ್ಕಿರೊಟ್ಟಿ ಮಾಡಿದೆ.

ಸೆಪ್ಟೆಂಬರ್ 2. ಶುಕ್ರವಾರ

ಇವತ್ತೂ ಅದೇ. ಗಂಟೆ, ಕೈನೋಟ. ಕಣಕಟ್ಟೆಯ ಒಬ್ಬರು ನನ್ನ ಕಿವಿಗೆ ಬೀಳುವ ಹಾಗೆಯೇ "ಮಿಶನ್ನಿಗೂ ಮುಖ ನೋಡಿ ಮಣೆ ಹಾಕಾದು ಗೊತ್ತಾಗೈತೆ" ಅಂದರು. ಮಾವ ಅವರ ಮೇಲೆ ರೇಗಿದರು.

ಚನ್ನಪ್ಪನವರು ಮಾತ್ರ ಆರಾಮಾಗಿದ್ದಾರೆ. ಅರ್ಧ ಲಾಟು ಉಳಿದಿದ್ದಕ್ಕೆ ಕಳೆದ ತಿಂಗಳು ಬೈದ ಮನುಷ್ಯ ಈಗ ಒಂದು ಮಾತೂ ಆಡುತ್ತಿಲ್ಲ. ಸರಿಮಾಡಲು ಒಂದಿಷ್ಟು ಸಮಯ ಕೊಡಿ ಎಂದೆ. "ಏನ್ ಅವಸರ ಇಲ್ಲಮ್ಮ, ಚೆನ್ನಾಗೇ ಐತಲ್ಲ" ಎಂದು ನಕ್ಕರು. ಆ ನಗು ಯಾಕೋ ಸರಿಬರಲಿಲ್ಲ.

ಲೋಕೇಶ್ ಚನ್ನಪ್ಪನವರ ಕಾರಿನಲ್ಲೇ ಬೇಲೂರಿಗೆ ಹೋದರು.

ಸೆಪ್ಟೆಂಬರ್ 6. ಮಂಗಳವಾರ, ಗೌರಿಹಬ್ಬ

ಹಬ್ಬದ ದಿನ ಬರೆಯುವ ಮಾತಲ್ಲ. ಆದರೂ ಬರೆಯುತ್ತೇನೆ.

ಮಾವ ಬೆಳಗಿನ ಬಸ್ಸಿಗೇ ಬಾಗಿನ ತಂದಿದ್ದರು. ಮದುವೆಯಾದ ವರ್ಷದಿಂದ ಒಂದು ಗೌರಿಯೂ ತಪ್ಪಿಸಿಲ್ಲ. ಮೊರದಲ್ಲಿ ಬಳೆ, ಅರಿಶಿನ, ಕುಂಕುಮ, ಹಸಿರು ರವಿಕೆ ಬಟ್ಟೆ, ಅಮ್ಮ ಕಟ್ಟಿಕೊಟ್ಟ ಎಳ್ಳುಂಡೆ. ಲೋಕೇಶ್ ಗಣಪತಿ ತರಲು ಪೇಟೆಗೆ ಹೋಗಿದ್ದರು. ಮಾವನಿಗೆ ಕಾಯಿ ಹೋಳಿಗೆ ಬಡಿಸುತ್ತಾ, ಮನಸ್ಸು ತಡೆಯದೆ ಮಿಶನ್ನಿನ ಮಾತು ತೆಗೆದೆ. ನನ್ನಿಂದ ನಿಮಗೆಲ್ಲ ಹೀಗಾಯಿತು, ಕ್ಷಮಿಸಿ ಎಂದೆ.

"ಯೇ, ಏನ್ ಮಾತೂಂತ ಆಡೀಯೆ! ನಿಂದೇನವ್ವ ತಪ್ಪು? ನಿನ್ ಗಂಡ ಎಷ್ಟು ಚೆನ್ನಾಗಿ ನೋಡ್ಕಂಡ್ರು ಗೊತ್ತಾ ಮಿಶನ್ನ. ನಾವು ಬಡವ್ರು ಅಂತ ಬೇಸರ ಮಾಡ್ಕಳ್ಲಿಲ್ಲ. ಒಬ್ಬೊಬ್ರುದೂ ಕೊಬ್ರಿ ಇಕ್ಕಿ ತೋರ್ಸುದ್ರು. ನಮ್ದು ಇನ್ನೇನ್ ಮುಗೀಬೇಕು ಅನ್ನಾಗ್ಲೇ ಸ್ವಿಚ್ ಆಫ್ ಮಾಡಿ, ಪಾಪ, ವಸಿ ಹೊತ್ತು ತಣ್ಣಗಾಗಾಕೆ ಬುಡೋರು."

ಹೋಳಿಗೆಯ ತಟ್ಟೆ ಕೆಳಗಿಟ್ಟೆ.

"ತಣ್ಣಗಾಗೋಕೆ?"

"ಊ. ನಾನೇ ಕೇಳ್ದೆ, ಯಾಕಪ್ಪಾ ಆರುಸ್ತೀರಿ ಅಂತ. ಬಿರುಕಿಂದು ನೋಡಿ ನೋಡಿ ಮಿಶನ್ನಿಗೆ ಬಿಸಿ ಆಗ್ತದೆ ಮಾವ ಅಂದ್ರು. ನಮ್ಮವ್ರುದು ಒಬ್ಬೊಬ್ರುದು ಆದಾಗ್ಲೂ ಆರ್ಸಿದ್ರು. ಚನ್ನಪ್ಪನ ಕಡೆ ದೊಡ್ಡ ತೋಟದವ್ರುದು ಒಳ್ಳೇ ಮಾಲಲ್ವಾ, ಅದಕ್ಕೆ ಬಿಸಿ ಆಗಕಿಲ್ವಂತೆ."

ಹೊಗಳಿಕೆಯಾಗಿಯೇ ಹೇಳಿದರು. ಅಳಿಯನ ಮುತುವರ್ಜಿಗೆ ಉದಾಹರಣೆ ಅದು ಅವರ ಪಾಲಿಗೆ! ಇನ್ನೊಂದು ಹೋಳಿಗೆ ಹಾಕಿದೆ. ತುಪ್ಪ ಹಾಕಿದೆ. ಬಸ್ಸಿನವರೆಗೆ ಹೋಗಿ ಕಳಿಸಿ ಬಂದು, ಬಾಗಿನದ ಮೊರದ ಮುಂದೆ ಕೂತು ಅತ್ತುಬಿಟ್ಟೆ.

ಸ್ವಿಚ್ ಆಫ್ ಮಾಡಬೇಡಿ ಎಂದು ಹೇಳಿಕೊಟ್ಟೆ. ಯಾವಾಗ ಆಫ್ ಮಾಡಬೇಕು ಎಂದು ಕಲಿತುಕೊಂಡ. ಕರೆಸಿ, ಟೀ ಕುಡಿಸಿ, ಅವರ ಕಣ್ಣೆದುರಿಗೇ ಅವರನ್ನು ಎಣಿಕೆಯಿಂದ ಅಳಿಸಿದ. ಕರೆಯದೇ ಇದ್ದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಅತ್ತೆಯ ಕಾಲು. ಯಾವತ್ತೋ ವಾಸಿಯಾದ ಕಾಲು! ನನ್ನನ್ನು ಊರು ಬಿಡಿಸಿದ್ದೂ ಇದಕ್ಕೇ. ಮಲ್ಲಿಗೆ ಬೇರೆ ಕೊಂಡಿದ್ದೆ ಅವತ್ತು.

ಸೆಪ್ಟೆಂಬರ್ 7. ಬುಧವಾರ, ಗಣೇಶನ ಹಬ್ಬ

ಪೂಜೆ ಮುಗಿಯಲಿ ಎಂದು ಕಾದೆ. ಮಂಗಳಾರತಿ ಆದ ಮೇಲೆ ಕೇಳಿದೆ, ನೇರವಾಗಿ. ಇಲ್ಲ ಅನ್ನಬಹುದು ಎಂದು ಇನ್ನೂ ಆಸೆ ಇತ್ತು, ನಾಚಿಕೆಗೆಟ್ಟ ಆಸೆ.

ಇಲ್ಲ ಅನ್ನಲಿಲ್ಲ.

"ತಪ್ಪು ದರ್ಜೆ ಹೇಳ್ಸಿದ್ನಾ ನಾನು? ಯಾರ್ದಾದ್ರೂ ಕದ್ನಾ? ಉತ್ರ ಎಲ್ರಿಗೂ ಒಂದೇ ಬರ್ತದೆ, ಸ್ವಲ್ಪ ತಡ. ಅಷ್ಟೇ."

"ಗಂಟೆ ಹೊಡೆದ್ಮೇಲೆ ಬಂದ ಉತ್ರ ಯಾರಿಗ್ ಬೇಕು ರೀ?"

"ಅದನ್ನ ಚನ್ನಪ್ಪನೋರ್ನ ಕೇಳು. ಎಲ್ರುದೂ ಬೇಗ ಆದ್ರೆ ಕೈನೋಟಕ್ಕೆ ಯಾರೂ ಸಿಗಲ್ಲ, ಅಗ್ಗದ ಮಾಲೂ ಸಿಗಲ್ಲ, ಹಂಗಿದ್ಮೇಲೆ ನಿಮ್ ಮಿಶನ್ ನಾನ್ಯಾಕೆ ಇಟ್ಕೋಬೇಕು ಅಂದ್ರು. ಎತ್ತಿ ಬಿಸಾಕ್ತಿದ್ರು ಕಣೇ. ಬೇಲೂರೂ ಹೋಗ್ತಿತ್ತು, ಬಿಕ್ಕೋಡೂ ಹೋಗ್ತಿತ್ತು. ನಮ್ಮಿಬ್ರಿಗೋಸ್ಕರ ತಾನೇ ಮಾಡಿದ್ದು?"

"ನನ್ನ ಮಾದಿಹಳ್ಳಿಗೆ ಕಳ್ಸಿದ್ದು?"

ಗಣಪತಿಯ ಮೇಲಿನ ಗರಿಕೆ ಸರಿಮಾಡತೊಡಗಿದ. ಸರಿಯಾಗಿಯೇ ಇದ್ದ ಗರಿಕೆ.

"ಮಾವ ನಿಮ್ಮನ್ನ ಹೊಗಳ್ತಿದ್ರು. ಅಳಿಯಂದ್ರು ಬಡವ್ರು ಅಂತ ಬೇಸರ ಮಾಡ್ಕೊಳ್ಲಿಲ್ಲ ಅಂತ."

"ಅವ್ರಿಗೆ ಹೇಳ್ಬೇಡ." ಆ ಒಂದು ಮಾತು ಮಾತ್ರ ಮೆತ್ತಗೆ ಬಂತು.

ಇಷ್ಟು ವರ್ಷ ಈ ಡೈರಿಯಲ್ಲಿಯೂ ಅವನನ್ನು 'ಬಂದರು, ಹೋದರು' ಎಂದೇ ಬರೆದೆ. ಇನ್ನು ಕೈ ಬರುವುದಿಲ್ಲ. ಎದುರಿಗೆ ಮಾತ್ರ ಬಾಯಿ ಇನ್ನೂ 'ರೀ' ಅನ್ನುತ್ತಿದೆ.

ಸೆಪ್ಟೆಂಬರ್ 9. ಶುಕ್ರವಾರ

ಮಂಡಿಗೆ ಹೋಗಲಿಲ್ಲ. ಗಂಟೆ ಇಲ್ಲಿಗೆ ಕೇಳುವುದಿಲ್ಲ, ಆದರೂ ಆ ಹೊತ್ತಿಗೆ ಕೈ ನಿಂತಿತು. ಈಗ ಮಾವನ ಚೀಲಕ್ಕೆ ಕೈ ಹಾಕಿರುತ್ತಾರೆ. ನನ್ನ ಪ್ರೋಗ್ರಾಮಿನ ಹೆಸರು ಹೇಳಿಕೊಂಡು.

ಪೇಂಟರ್ ಬಂದು ಬೋರ್ಡಿನ ಅಳತೆ ತೆಗೆದುಕೊಂಡು ಹೋದ.

ಸೆಪ್ಟೆಂಬರ್ 11. ಭಾನುವಾರ, ಮಧ್ಯಾಹ್ನ. ಅಂಗಡಿ

ಶಟರ್ ಅರ್ಧ ಇಳಿಸಿದ್ದೇನೆ. ಲೋಕೇಶ್ ಬೇಲೂರಿಗೆ ಹೋಗಿದ್ದಾನೆ, ಸಂಜೆಗೆ ಬರುತ್ತಾನೆ.

ನಿನ್ನೆ ಕಣಕಟ್ಟೆಗೆ ಫೋನ್ ಮಾಡಿ, ಎಲ್ಲರ ಮನೆಯದೂ ಒಂದಿಷ್ಟು ಕೊಬ್ಬರಿ ತನ್ನಿ ಎಂದು ಮಾವನಿಗೆ ಹೇಳಿದ್ದೆ. ಯಾಕೆ ಎಂದು ಕೇಳದೆ ಚೀಲ ಹೊತ್ತು ಬಂದರು. ಎದುರಿಗೆ ಕೂರಿಸಿ ಎಲ್ಲ ಹೇಳಿದೆ. ಆರಿಸಿದ್ದು ಬಿಸಿಗಲ್ಲ ಮಾವ, ಆರಿಸಿದರೆ ಮಿಶನ್ನಿಗೆ ನೀವು ಬಂದ ನೆನಪೇ ಇರುವುದಿಲ್ಲ ಎಂದೆ. ಅರ್ಥವಾಗುವುದಿಲ್ಲವೇನೋ ಅಂದುಕೊಂಡಿದ್ದೆ. ಚೀಲದಿಂದ ಒಂದು ಕೊಬ್ಬರಿ ತೆಗೆದು ಕೈಯಲ್ಲಿ ತಿರುಗಿಸಿದರು.

"ಹಂಗಾರೆ ನಾವು ಬಂದಿದ್ದು ಎಣಿಕೇಗೇ ಇಲ್ವಾ ಮಗ?"

"ಇಲ್ಲ ಮಾವ."

"ಟೀ ಕುಡ್ಸುದ್ರಲ್ಲವ್ವ..." ಅಂದರು. ಅಷ್ಟೇ. ಅವರ ಮುಖ ನೋಡಲಾಗದೆ ಕೊಬ್ಬರಿ ಜೋಡಿಸಲು ಎದ್ದೆ.

ಹಳೆಯ ಎಣಿಕೆ ಅಳಿಸಿದೆ. ಮೊದಲು ಯೋಚಿಸಿದ್ದು ಕಣಕಟ್ಟೆಯದನ್ನು ಮಾತ್ರ ಓಡಿಸಬೇಕು ಎಂದೇ. ಚನ್ನಪ್ಪನ ಕಡೆಯವರು ಸಾಲಿನಲ್ಲಿ ನಿಂತು ಬೇಯಲಿ, ಗಂಟೆ ಹೊಡೆಯಲಿ. ಆ ಆಸೆ ಇನ್ನೂ ಪೂರ್ತಿ ಹೋಗಿಲ್ಲ. ಆದರೆ ಅಂಗಡಿಯಲ್ಲಿದ್ದ ಅವರ ಸ್ಯಾಂಪಲ್ ಚೀಲವನ್ನೂ ಬಿಚ್ಚಿದೆ. ಬಿಚ್ಚದೇ ಇದ್ದರೆ ನನಗೂ ಲೋಕೇಶನಿಗೂ ಏನು ವ್ಯತ್ಯಾಸ?

ಎಲ್ಲ ಫೋಟೋ ತೆಗೆದು ಒಂದೇ ಓಟಕ್ಕೆ ಹಾಕಿದ್ದೇನೆ. ಒಬ್ಬೊಬ್ಬರದು ಬೇರೆ ಬೇರೆ ಓಡಿಸಿದ್ದರಿಂದಲೇ ತಾನೆ ಒಬ್ಬರದು ಉಳಿಸಿ ಒಬ್ಬರದು ಎಸೆಯಲು ಬಂದದ್ದು. ಈಗ ಉಂಡೆಯೂ ಬಿರುಕೂ ಬೆರೆತಿವೆ. ಉಳಿದರೆ ಎಲ್ಲರದೂ ಉಳಿಯಬೇಕು, ಹೋದರೆ ಎಲ್ಲರದೂ ಹೋಗಬೇಕು. ಮುಗಿದ ಮೇಲೆ ಮತ್ತೆ ಕಟ್ಟಿ, ನಾನೇ ಮಂಡಿಗೆ ಒಯ್ದು ಹಾಕುತ್ತೇನೆ. ಎತ್ತಿ ಬಿಸಾಡುವುದಾದರೆ ಕಣಕಟ್ಟೆಯವರ ಎದುರಿಗೆ ಬಿಸಾಡಲಿ.

ಎಣಿಸುವ ಪ್ರೋಗ್ರಾಂ ನಿಧಾನ. ಅದು ಓಡುತ್ತಿದೆ, ನಾನು ಬರೆಯುತ್ತಿದ್ದೇನೆ. ಮಾವ ಸ್ಟೂಲಿನ ಮೇಲೆ ಕೂತು ಸ್ಕ್ರೀನನ್ನೇ ನೋಡುತ್ತಿದ್ದಾರೆ, ಒಲೆಯ ಮೇಲಿನ ಹಾಲು ಕಾಯುವವರ ಹಾಗೆ. ಕರೆಂಟ್ ಹೋಗದಿರಲಿ ದೇವರೇ.

ಶಟರ್ ಎತ್ತಿದ ಸದ್ದು. ಲೋಕೇಶ್. ಇಷ್ಟು ಬೇಗ.

ಚೀಲ ನೋಡಿದ. ಸ್ಕ್ರೀನ್ ನೋಡಿದ. ಅರ್ಥವಾಗಿದೆ.

"ಶುಕ್ರವಾರ ಬೇಲೂರಿನೋರು ಮಂಡಿಗೆ ಬರ್ತಿದಾರೆ ಕೋಮಲ. ಹಾಳ್ ಮಾಡ್ಬೇಡ. ನಿಲ್ಸು ಇದನ್ನ."

ನಾನು ತಲೆ ಎತ್ತಿಲ್ಲ. ಬರೆಯುತ್ತಲೇ ಇದ್ದೇನೆ. ಪೆನ್ನು ಕೆಳಗಿಟ್ಟರೆ ವಾದಕ್ಕೆ ಇಳಿದುಬಿಡುತ್ತೇನೆ.

"ನಿಲ್ಸು ಅಂದೆ." ಸ್ವಿಚ್ ಬೋರ್ಡಿನ ಕಡೆಗೆ ಹೊರಟ.

ಮಾವ ಎದ್ದರು. ಅಳಿಯ ಬಂದಾಗ ಯಾವಾಗಲೂ ಏಳುತ್ತಾರೆ, ಕೂತ ಜಾಗ ಬಿಟ್ಟುಕೊಡುತ್ತಾರೆ. ಇವತ್ತೂ ಅದಕ್ಕೇ ಎದ್ದರು ಅಂದುಕೊಂಡೆ. ಅಲ್ಲ. ಹೋಗಿ ಸ್ವಿಚ್ ಬೋರ್ಡಿಗೆ ಬೆನ್ನು ಕೊಟ್ಟು ನಿಂತರು. ಹೆಗಲ ಮೇಲಿನ ಟವೆಲ್ಲು ಕೈಗೆ ಬಂದಿದೆ, ಧಣಿಗಳ ಎದುರು ನಿಲ್ಲುವ ಹಾಗೆ. ಸರಿಯುತ್ತಿಲ್ಲ ಮಾತ್ರ.

"ಮಾವ, ಈಚೆ ಬನ್ನಿ ಸ್ವಲ್ಪ."

"ತಣ್ಣಗಾಗಾದ್ ಬ್ಯಾಡ ಬುಡಿ ಅಳಿಯಂದ್ರೆ. ನಮ್ದು ಇನ್ನೂ ಮುಗುದಿಲ್ಲ."

ಲೋಕೇಶನ ಕೈ ಅರ್ಧಕ್ಕೇ ನಿಂತಿದೆ. ಮಾವನನ್ನು ಮುಟ್ಟದೆ ಸ್ವಿಚ್ ಸಿಗುವುದಿಲ್ಲ. ನನ್ನ ಕಡೆ ನೋಡುತ್ತಿದ್ದಾನೆ. ನೋಡಲಿ. ಇನ್ನು ಕೆಲವೇ ಫೋಟೋ — ಮಾವನ ಕೊಬ್ಬರಿಯೇ, ದೊಡ್ಡ ಬಿರುಕಿನದು — ಅದೂ ಆಯಿತು — ಈಗ ಮುಗಿಯಿತು ಎಂದು ಸ್ಕ್ರೀನ್ ಮೇಲೆ ಬಂತು.